ದಿನಕ್ಕೆ ಹನ್ನೊಂದು ಗಾಡಿ

ಮೌಂಟ್ ನೀಬೋ ರಸ್ತೆಯ ಡಾಂಬರನ್ನು ಮಾರ್ಚ್ ತಿಂಗಳ ಎರಡನೇ ಮಂಗಳವಾರ ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಕಿತ್ತು ಪುಡಿ ಮಾಡಿದರು. ಮೂರು ಮುಕ್ಕಾಲು ಮೈಲಿ. ಆ ರಸ್ತೆಯಲ್ಲಿ ಇಪ್ಪತ್ತೆರಡು ಮನೆಗಳಿದ್ದವು, ಒಂದು ಚರ್ಚಿತ್ತು, ಒಂದು ಸ್ಮಶಾನವಿತ್ತು. ಪುಡಿಯ ಮೇಲೆ ಜಲ್ಲಿ ಹರಡಿ ರೋಲರ್ ಓಡಿಸಿದರು. ಐದನೇ ದಿನ ಮಳೆ ಬಂತು. ಜಲ್ಲಿ ಚರಂಡಿಗೆ ಹೋಯಿತು. ಕೆಸರು ಉಳಿಯಿತು.

ಕೀಳುವ ದಿನ ರಸ್ತೆಯ ತುದಿಯಲ್ಲಿ 'ನಿಲ್ಲಿ' ಎಂಬ ಫಲಕ ಹಿಡಿದು ನಿಂತಿದ್ದವಳು ಓರೆಥಾ ಪಿಕೆನ್ಸ್. ಅವಳ ಮನೆಯೂ ಅದೇ ರಸ್ತೆಯಲ್ಲಿತ್ತು.

ಕೌಂಟಿಯ ರಸ್ತೆ ಕೆಲಸಕ್ಕೆ ಸೇರಿ ಅವಳಿಗೆ ಹದಿನೆಂಟು ವರ್ಷ. ಸಲಿಕೆ ಹಿಡಿದು ಕುದಿಯುವ ಡಾಂಬರನ್ನು ಗುಂಡಿಗೆ ತುಂಬಿದ್ದಳು. ಜುಲೈ ತಿಂಗಳಲ್ಲಿ ಬೂಟಿನ ಅಟ್ಟೆ ಕರಗಿ ಕಾಲಿಗೆ ಅಂಟಿತ್ತು. ಮೋರಿಯೊಳಗೆ ಮಂಡಿಯೂರಿ ಕಸ ಎಳೆದಿದ್ದಳು. ಲಾರಿಗೆ ಸಿಕ್ಕಿ ಸತ್ತ ಜಿಂಕೆಗಳನ್ನು ಕಾಲು ಹಿಡಿದು ಎತ್ತಿ ಟ್ರಕ್ಕಿಗೆ ಹಾಕಿದ್ದಳು. ಯಂತ್ರ ಓಡಿಸುವವರೆಲ್ಲ ಬಿಳಿಯರು, ಸಲಿಕೆ ಹಿಡಿಯುವವರೆಲ್ಲ ಅವಳಂತೆ ಕಪ್ಪು ಜನ. ಯಂತ್ರಕ್ಕೆ ಆಸನವಿತ್ತು, ಕನ್ನಡಿಯಿತ್ತು, ತಂಪು ಗಾಳಿಯಿತ್ತು. ಆಸನವಿರುವ ಕೆಲಸಕ್ಕೆ ಓರೆಥಾ ನಾಲ್ಕು ಸಲ ಅರ್ಜಿ ಹಾಕಿದ್ದಳು. ನಾಲ್ಕು ಸಲವೂ ಅವಳಿಗಿಂತ ಆಮೇಲೆ ಸೇರಿದವರು ಹತ್ತಿ ಕೂತರು.

ಆ ಮಂಗಳವಾರ ಮೊದಲು ಬಂದವನು ಡೀಕನ್ ಟಾರ್ವರ್. ಚರ್ಚಿನ ಹಿರಿಯ. ಎಪ್ಪತ್ತೊಂಬತ್ತರ ಮುದುಕ. ತನ್ನ ಹಳೇ ಪಿಕಪ್ ಗಾಡಿಯನ್ನು ಫಲಕದ ಮುಂದೆ ತಂದು ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದ.

"ನಂಗೆ ನಿಲ್ಲು ಅಂತಿದೀಯೇನವ್ವ?"

"ಕೆಲಸ, ಡೀಕನ್ರೇ."

"ನಮ್ಮ ಮನೆಗೆ ಹೋಗೋ ದಾರೀಲಿ ನಮ್ಮನ್ನೇ ನಿಲ್ಸೋ ಕೆಲಸ. ಒಳ್ಳೇ ಕೆಲಸನೇ ಕೊಟ್ಟವ್ರೆ ಬಿಡು." ಅವನು ಆಚೆ ನೋಡಿದ. ಯಂತ್ರದ ಹಲ್ಲುಗಳು ರಸ್ತೆಯನ್ನು ಅಗಿಯುತ್ತಿದ್ದವು. "ಯಾಕಂತೆ?"

"ದಿನಕ್ಕೆ ಹನ್ನೊಂದೇ ಗಾಡಿ ಓಡಾಡೋದಂತೆ. ಅಷ್ಟಕ್ಕೆ ಡಾಂಬರು ದಂಡ ಅಂತೆ."

"ಹನ್ನೊಂದಾ?" ಡೀಕನ್ ನಕ್ಕ. "ನನ್ ಮೊಮ್ಮಕ್ಕಳದ್ದೇ ಹನ್ನೊಂದಾಗುತ್ತಲ್ಲೇ."

ಆಮೇಲೆ ಅವನ ನಗು ನಿಂತಿತು. ಓರೆಥಾಳ ಮುಖ ನೋಡಿದ. ಅವಳು ನೆಲ ನೋಡಿದಳು. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು.

ಹಿಂದಿನ ಸೆಪ್ಟೆಂಬರಿನಲ್ಲಿ ರಸ್ತೆಗೆ ಅಡ್ಡಲಾಗಿ ಎರಡು ಕಪ್ಪು ರಬ್ಬರ್ ಕೊಳವೆ ಹಾಸಿದ್ದರು. ಕೊಳವೆಯ ತುದಿಗೆ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಗೆ ಸರಪಳಿ, ಸರಪಳಿಗೆ ಬೀಗ. ಕೊಳವೆ ಅಲುಗದಂತೆ ಮೊಳೆ ಹೊಡೆದವಳು ಓರೆಥಾಳೇ. ಏನಿದು ಎಂದು ಕೌಂಟಿ ಇಂಜಿನಿಯರ್ ಸ್ಟ್ರಿಕ್ಲಿನ್‌ನನ್ನು ಕೇಳಿದ್ದಳು.

"ರಾಜ್ಯದವರದ್ದು. ನೀನು ಮೊಳೆ ಹೊಡಿ," ಎಂದಿದ್ದ.

ಮೂರು ವರ್ಷದ ಕೆಳಗೆ ಇಂಥದೇ ಒಂದು ಪೆಟ್ಟಿಗೆ ಕೂಡುರಸ್ತೆಯಲ್ಲಿ ಕಾಣಿಸಿತ್ತು. ಮುಂದಿನ ವಾರವೇ ಶೆರಿಫನ ಪೊಲೀಸರು ಅದೇ ಜಾಗದಲ್ಲಿ ಅಡ್ಡಗಟ್ಟಿ ನಿಂತರು. ಹಳೇ ದಂಡ ಕಟ್ಟದೆ ಲೈಸೆನ್ಸು ರದ್ದಾದವರ ಗಾಡಿಗಳನ್ನು ಎಳೆದುಕೊಂಡು ಹೋದರು. ಗಾಡಿ ಹೋದವರಿಗೆ ಕೋಳಿ ಕಾರ್ಖಾನೆಯ ಕೆಲಸವೂ ಹೋಯಿತು. ಅದನ್ನು ನೀಬೋದವರು ಮರೆತಿರಲಿಲ್ಲ.

ಕೊಳವೆ ಹಾಸಿದ ಮರುದಿನ, ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿಂದೆ ಮೀನು ಕರಿಯುತ್ತಾ ಅದೇ ಮಾತು.

"ಟೈರಿನ ಗುರುತು ಹಿಡಿಯುತ್ತಂತೆ ಅದು," ಎಂದಳೊಬ್ಬಳು.

"ನಮ್ಮೋರ ಟೈರಲ್ಲಿ ಗುರುತು ಎಲ್ಲೈತೆ? ಎಲ್ಲಾ ತೀರ್ಕೊಂಡ ನನ್ ಗಂಡನ ತಲೆ ಥರ ಬೋಳು," ಎಂದಳು ಓರೆಥಾಳ ಅಕ್ಕ ಐಡೆಲ್ಲಾ. ಗಾಲಿಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಮುಳ್ಳು ಬಿಡಿಸುತ್ತಿದ್ದಳು. ಸಕ್ಕರೆ ಕಾಯಿಲೆಗೆ ಅವಳ ಎಡಗಾಲು ಮಂಡಿಯ ಕೆಳಗೆ ಹೋಗಿತ್ತು.

"ನಗಬೇಡಿ. ಮೈಲಿಗಿಷ್ಟು ಅಂತ ತೆರಿಗೆ ಹಾಕೋಕೆ ಕಣ್ರೀ. ಟೀವೀಲಿ ಬಂದಿತ್ತು."

ಎಲ್ಲರೂ ಓರೆಥಾಳ ಕಡೆ ತಿರುಗಿದರು. ಮೊಳೆ ಹೊಡೆದವಳು ಅವಳಲ್ಲವೇ.

"ಏನೂಂತ ನಂಗೂ ಹೇಳ್ಲಿಲ್ಲ," ಎಂದಳು ಓರೆಥಾ. "ಆದ್ರೆ ಒಂದು ಗೊತ್ತು. ಅವರು ಬಾಯಿ ಬಿಡದೆ ತಂದಿಟ್ಟಿದ್ದು ಇವತ್ತಿನವರೆಗೂ ನಮಗೆ ಒಳ್ಳೇದು ಮಾಡಿಲ್ಲ."

ಅಷ್ಟು ಸಾಕಾಯಿತು. ಡೀಕನ್ ಟಾರ್ವರ್ ತನ್ನ ಹುಲ್ಲುಗಾವಲಿನ ಗೇಟು ತೆಗೆದಿಟ್ಟ. ಅದರೊಳಗೆ ಹಿಂದೆ ಮರ ಸಾಗಿಸುತ್ತಿದ್ದ ಒಂದು ಗಾಡಿಜಾಡಿತ್ತು, ಆಚೆ ಹೆದ್ದಾರಿಗೆ ಸೇರುತ್ತಿತ್ತು. ಕೊಳವೆ ಇದ್ದ ಒಂದು ವಾರವೂ ಇಡೀ ನೀಬೋ ಆ ಜಾಡಿನಲ್ಲಿ ಓಡಾಡಿತು. ಕೋಳಿ ಕಾರ್ಖಾನೆಗೆ ಹೋಗುವವರು ಒಂದೊಂದು ಕಾರಿನಲ್ಲಿ ಆರಾರು ಜನ ತುಂಬಿಕೊಂಡು ಗುಂಡಿಗಳಲ್ಲಿ ಕುಲುಕುತ್ತಾ ಹೋದರು. ಹೆಂಗಸರು ಸಂತೆಗೆ ಹೋದರು. ಕೌಂಟಿಗೆ ಟೋಪಿ ಹಾಕಿದೆವು ಎಂದು ನಕ್ಕರು. ಓರೆಥಾಳೂ ನಕ್ಕಿದ್ದಳು.

ಆ ಪೆಟ್ಟಿಗೆ ಮಾಡುತ್ತಿದ್ದ ಕೆಲಸ ಒಂದೇ. ಕೊಳವೆಯ ಮೇಲೆ ಎಷ್ಟು ಗಾಡಿ ಹರಿಯಿತು ಎಂದು ಎಣಿಸುವುದು. ಹೆಚ್ಚು ಗಾಡಿ ಓಡುವ ರಸ್ತೆ ಉಳಿಯುತ್ತದೆ. ಕಡಿಮೆ ಓಡುವುದನ್ನು ಕೌಂಟಿ ಕೈಬಿಡುತ್ತದೆ. ಯಾರೂ ನೀಬೋದವರಿಗೆ ಇದನ್ನು ಹೇಳಲಿಲ್ಲ. ದಿನಕ್ಕೆ ಹನ್ನೊಂದು ಎಂದು ಬಂತಲ್ಲ, ಅದರಲ್ಲಿ ಶಾಲೆಯ ಬಸ್ಸೇ ನಾಲ್ಕು. ಅಂಚೆಯವನು ಎರಡು. ಮಿಕ್ಕದ್ದರಲ್ಲಿ ಕೊಳವೆ ಸರಿಯಿದೆಯೇ ಎಂದು ನೋಡಲು ಬಂದ ಕೌಂಟಿಯ ಟ್ರಕ್ಕೂ ಸೇರಿತ್ತು.

ಡಾಂಬರು ಕಿತ್ತ ಮರುದಿನ ಓರೆಥಾ ಸ್ಟ್ರಿಕ್ಲಿನ್‌ಗೆ ನಡೆದದ್ದನ್ನೆಲ್ಲ ಹೇಳಿದಳು. ಅವನು ಕುರ್ಚಿಗೆ ಒರಗಿ ನಕ್ಕ.

"ಹಾಗಾದ್ರೆ ತಪ್ಪು ಯಾರದು?"

"ಹೇಳಿದ್ದಿದ್ರೆ ಕೊಳವೆ ಮೇಲೇ ಹೋಗ್ತಿದ್ರು. ಇನ್ನೊಂದ್ಸಲ ಎಣಿಸಿ."

"ಮೂರು ವರ್ಷಕ್ಕೊಂದೇ ಸಲ ಎಣಿಸೋದು. ಕಾಗದ ಹೋಗಿಯಾಯ್ತು. ಹೋಗು, ಕೆಲಸ ನೋಡು."

ಅವಳು ಹೊರಗೆ ಬಂದು ಟ್ರಕ್ಕಿನ ಹಿಂದೆ ನಿಂತಳು. ಒಂದು ಸಂಗತಿ ಅವಳ ತಲೆಯಲ್ಲಿ ಮುಳ್ಳಾಗಿ ಕೂತಿತು. ಡೀಕನ್ನನ ಹುಲ್ಲುಗಾವಲಿನ ಜಾಡು ಹೆದ್ದಾರಿಗೆ ಸೇರುವಲ್ಲಿ, ಕೊಳವೆ ಇದ್ದ ಆ ವಾರ, ಕೆಂಪು ಕೆಸರು ಡಾಂಬರಿನ ಮೇಲೆ ನೂರು ಗಜ ಹರಡಿತ್ತು. ಸ್ಟ್ರಿಕ್ಲಿನ್ ದಿನಾ ಬೆಳಗ್ಗೆ ಆಫೀಸಿಗೆ ಬರುವುದು ಅದೇ ಹೆದ್ದಾರಿಯಲ್ಲಿ. ರಸ್ತೆ ನೋಡುವುದೇ ಅವನ ಕಸುಬು. ಅವನಿಗೆ ಕಾಣಲಿಲ್ಲವೇ?

ಓರೆಥಾಳಿಗೆ ಆ ರಸ್ತೆ ಬೇಕಿದ್ದದ್ದು ಅಕ್ಕನಿಗಾಗಿ. ಐಡೆಲ್ಲಾಳಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಸ್ಪತ್ರೆ ನಲವತ್ತು ಮೈಲಿ ದೂರ. ಕೌಂಟಿಯ ವ್ಯಾನು ಮನೆ ಬಾಗಿಲಿಗೆ ಬಂದು ಕರೆದುಕೊಂಡು ಹೋಗುತ್ತಿತ್ತು. ಜಲ್ಲಿ ಹಾಕಿದ ಮೇಲೆ ಮಳೆ ಬಿದ್ದ ದಿನ ವ್ಯಾನು ಒಳಗೆ ಬರಲಿಲ್ಲ. ಡಾಂಬರು ಮುಗಿಯುವಲ್ಲಿ ನಿಂತು ಹಾರನ್ ಹೊಡೆಯಿತು. ನಿಯಮ ಹಾಗಿದೆ ಎಂದ ಚಾಲಕ. ಹತ್ತು ನಿಮಿಷ ಕಾದು ಹೋಗಿಬಿಡುತ್ತಿದ್ದ. ಒಂದು ದಿನ ತಪ್ಪಿದರೆ ಅಕ್ಕನ ಮುಖ ಊದುತ್ತಿತ್ತು. ಎರಡು ದಿನ ತಪ್ಪಿದಾಗ ಉಸಿರು ಸಿಕ್ಕಿಕೊಂಡಿತ್ತು. ಮುಂದೆ ಮಳೆಗಾಲವೇ ಇತ್ತು.

ನವೆಂಬರಿನಲ್ಲಿ ಸ್ಟ್ರಿಕ್ಲಿನ್ ಅವಳನ್ನು ಆಫೀಸಿಗೆ ಕರೆಸಿದ. ಕೂರಿಸಿದ. ತಾನೇ ಎದ್ದು ಕಾಫಿ ಬಗ್ಗಿಸಿ ಕೊಟ್ಟ.

"ಸಕ್ಕರೆ ಹಾಕ್ಲಾ, ಮಿಸ್ ಓರೆಥಾ? ನೀವು ಹೇಗೆ ಕುಡೀತೀರಿ?"

ಹದಿನೆಂಟು ವರ್ಷದಲ್ಲಿ ಅವನ ಬಾಯಲ್ಲಿ ಅವಳು 'ಮಿಸ್' ಆದದ್ದು ಅದೇ ಮೊದಲು. ಓರೆಥಾ ಕಾಫಿಯನ್ನು ಮುಟ್ಟಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತಳು.

"ನೋಡಿ," ಎಂದ ಸ್ಟ್ರಿಕ್ಲಿನ್. "ನೀವು ನಾನು ಪೆಟ್ರೋಲ್ ಹಾಕಿಸಿದಾಗಲೆಲ್ಲ ಕೊಡೋ ತೆರಿಗೆ ರಾಜಧಾನಿಗೆ ಹೋಗುತ್ತೆ. ಅದರಲ್ಲಿ ಅವರು ಪಟ್ಟಣದವರಿಗೆ ಆರು ಸಾಲಿನ ರಸ್ತೆ ಮಾಡ್ಕೊಡ್ತಾರೆ. ರಾಜ್ಯದ ಅರ್ಧಕ್ಕಿಂತ ಹೆಚ್ಚು ರಸ್ತೆ ನಮ್ಮಂಥ ಕೌಂಟಿಗಳ ತಲೆ ಮೇಲಿದೆ. ನಮಗೆ ಬರೋದು ತಟ್ಟೆ ನೆಕ್ಕೋವಷ್ಟು. ಈಗ ಇಡೀ ರಾಜ್ಯಕ್ಕೇ ಒಂದು ಹೊಸ ಸಾರಿಗೆ ಜಾಲ ಅಂತೆ. ಅದಕ್ಕೆ ಕೌಂಟಿಗಳೂ ಪಾಲು ಹಾಕ್ಬೇಕಂತೆ. ಎಲ್ಲಿಂದ ಹಾಕೋಣ? ನಿಮ್ಮ ರಸ್ತೆ ಕೀಳೋಕೆ ನಂಗೇನು ಖುಷಿಯಾ?"

ಇದರಲ್ಲಿ ಸುಳ್ಳು ಏನೂ ಅವಳಿಗೆ ಕಾಣಲಿಲ್ಲ. ಅದಕ್ಕೇ ಅವಳಿಗೆ ಅನುಮಾನ ಬಂತು.

"ಶಾಸಕರ ಸಮಿತಿ ಕೌಂಟಿಗಳ ಅಹವಾಲು ಕೇಳುತ್ತೆ, ಮುಂದಿನ ಗುರುವಾರ. ನೀವು ಬರ್ಬೇಕು. ನಿಮ್ಮ ಅಕ್ಕನ ಕಥೆ ಹೇಳ್ಬೇಕು. ಮೂರೇ ನಿಮಿಷ. ಏನು ಹೇಳ್ಬೇಕೂಂತ ನಾವು ಬರ್ದಿಟ್ಟಿದೀವಿ, ಓದಿದ್ರೆ ಸಾಕು."

"ನೀವೇ ಹೇಳ್ಬೋದಲ್ಲ."

"ನಾನು ಹೇಳಿದ್ರೆ ಇಂಜಿನಿಯರ್ ಗೋಳಾಡ್ತಾನೆ ಅಂತಾರೆ. ನೀವು ಹೇಳಿದ್ರೆ ಜನ ಹೇಳ್ತಿದಾರೆ ಅಂತಾರೆ."

"ದುಡ್ಡು ಬಂದ್ರೆ ನಮ್ಮ ರಸ್ತೆಗೆ ಡಾಂಬರು ಹಾಕ್ತೀರಾ?"

"ಅದಕ್ಕೇ ತಾನೇ ಇಷ್ಟೆಲ್ಲ," ಎಂದ ಸ್ಟ್ರಿಕ್ಲಿನ್.

ಹೌದು ಎಂದು ಅವನು ಹೇಳಲಿಲ್ಲ. ಓರೆಥಾ ಅದನ್ನು ಗಮನಿಸಿದಳು.

ಮನೆಗೆ ಬಂದು ಅಕ್ಕನಿಗೆ ಹೇಳಿದಳು. ಐಡೆಲ್ಲಾ ಟೀವಿಯ ಸದ್ದು ತಗ್ಗಿಸಿದಳು.

"ಕಾಫಿ ಕೊಟ್ನಾ?"

"ಕೊಟ್ಟ."

"ಕುಡಿದ್ಯಾ?"

"ಇಲ್ಲ."

"ಒಳ್ಳೇದಾಯ್ತು. ನಮ್ಮಪ್ಪನಿಗೂ ಒಬ್ಬ ಇಂಜಿನಿಯರ್ ಕಾಫಿ ಕೊಟ್ಟಿದ್ದ. ಕುಡಿದು ಮುಗ್ಸೋದ್ರೊಳಗೆ ಜಮೀನಿನ ಅಂಚು ರಸ್ತೆಗೆ ಹೋಗಿತ್ತು." ಅವಳು ತೋಳಿನ ಊತವನ್ನು ಒತ್ತಿ ನೋಡಿಕೊಂಡಳು. "ಹೋಗು ಓರಿ. ನನ್ ಕಥೆಯಿಂದ ಡಾಂಬರು ಬರೋದಾದ್ರೆ ಬರ್ಲಿ. ಆದ್ರೆ ಕಣ್ಣು ಬಿಟ್ಕೊಂಡು ಹೋಗು."

ಗುರುವಾರ ಬೆಳಗ್ಗೆ ಕೌಂಟಿಯ ಟ್ರಕ್ಕಿನಲ್ಲಿ ಹೊರಟರು. ಮೂರು ಗಂಟೆಯ ದಾರಿ. ಸ್ಟ್ರಿಕ್ಲಿನ್ ಓಡಿಸಿದ. ಓರೆಥಾ ಪಕ್ಕದಲ್ಲಿ ಕೂತಳು. ಅವಳ ತೊಡೆಯ ಮೇಲೆ ಒಂದು ದಪ್ಪ ಕಡತವಿತ್ತು. ಅವಳು ಓದಬೇಕಾದ ಕಾಗದ ಮೇಲೆ, ಸಮಿತಿಗೆ ಕೊಡಬೇಕಾದ ಕೌಂಟಿಯ ಮನವಿ ಕೆಳಗೆ.

"ಮೇಲಿನ ಹಾಳೆ ಒಂದೆರಡು ಸಲ ಓದ್ಕೊಳ್ಳಿ. ತಡವರಿಸಬಾರದು," ಎಂದ.

ಅವಳು ಮೇಲಿನದನ್ನು ಓದಿದಳು. 'ನಾನು ಒಬ್ಬ ಸಾಧಾರಣ ಹೆಂಗಸು' ಎಂದು ಶುರುವಾಗಿತ್ತು. ಆಮೇಲೆ ಕೆಳಗಿನದನ್ನು ತೆಗೆದಳು. ಹದಿನೆಂಟು ವರ್ಷ ಅವಳ ಕೈಯಲ್ಲಿ ಸಲಿಕೆ ನೋಡಿದವನು, ಅವಳು ಕೆಳಗಿನದನ್ನೂ ಓದಿಯಾಳು ಎಂದುಕೊಂಡಿರಲಿಲ್ಲ.

ನಾಲ್ಕನೇ ಪುಟದಲ್ಲಿ ಮೌಂಟ್ ನೀಬೋ ರಸ್ತೆಯಿತ್ತು. ಹಣವಿಲ್ಲದೆ ಡಾಂಬರು ಕಳೆದುಕೊಂಡು ಅಂಗವಿಕಲೆಯೊಬ್ಬಳು ಪಡುತ್ತಿರುವ ಪಾಡು. ಒಂಬತ್ತನೇ ಪುಟದಲ್ಲಿ ಮತ್ತೆ ಅದೇ ರಸ್ತೆ. ಕೌಂಟಿಯು ಬಳಕೆಯಿಲ್ಲದ ರಸ್ತೆಗಳನ್ನು ಗುರುತಿಸಿ ಜಲ್ಲಿಗೆ ಮರಳಿಸಿ ಹೇಗೆ ಮಿತವ್ಯಯ ತೋರಿಸಿದೆ ಎನ್ನುವುದಕ್ಕೆ ಉದಾಹರಣೆ. ದಿನಕ್ಕೆ ಹನ್ನೊಂದು ಗಾಡಿ.

ಕೊನೆಯ ಪುಟದಲ್ಲಿ ಪಟ್ಟಿ. ಹಣ ಬಂದರೆ ಯಾವ ಯಾವ ರಸ್ತೆ. ಏಳು ಹೆಸರು. ಮೊದಲನೆಯದು ಹೊಸ ಮರದ ಕಾರ್ಖಾನೆಯ ಲಾರಿಗಳು ಓಡುವ ರಸ್ತೆ. ಅವಳು ಏಳನ್ನೂ ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು.

"ನೀಬೋ ಇಲ್ಲ ಇದರಲ್ಲಿ."

ಸ್ಟ್ರಿಕ್ಲಿನ್ ಕನ್ನಡಿ ನೋಡಿದ. "ಅದು ಮೊದಲ ಹಂತದ ಪಟ್ಟಿ."

"ಎರಡನೇ ಹಂತದ್ದು ಎಲ್ಲೈತೆ?"

"ಇನ್ನೂ ಮಾಡಿಲ್ಲ."

"ಯಾವಾಗ ಮಾಡ್ತೀರಿ?"

"ಮಿಸ್ ಓರೆಥಾ, ಲಾರಿ ಓಡೋ ರಸ್ತೆ ಆದ್ರೆ ಕಾರ್ಖಾನೆ ಉಳಿಯುತ್ತೆ. ಕಾರ್ಖಾನೆ ಉಳಿದ್ರೆ ಕೌಂಟಿಗೆ ಆದಾಯ. ಆದಾಯ ಬಂದ್ರೆ ನಿಮಗೂ ಬರುತ್ತೆ. ಎಲ್ಲಾ ಒಂದಕ್ಕೊಂದು ಹೆಣ್ಕೊಂಡಿದೆ. ಅದಕ್ಕೇ ಜಾಲ ಅನ್ನೋದು."

"ನಮ್ಮಕ್ಕನ ಕಥೆ ಹೇಳಿ ಲಾರಿಗೆ ರಸ್ತೆ ಕೇಳ್ತಿದೀರಿ."

ಅವನು ಮುಂದಿದ್ದ ಲಾರಿಯೊಂದನ್ನು ಹಿಂದೆ ಹಾಕಿದ. ಆಮೇಲೆ ಹವಾಮಾನದ ಮಾತಾಡುವಂತೆ ಕೇಳಿದ:

"ಪಿಂಚಣಿಗೆ ಇನ್ನೆರಡು ವರ್ಷ ಅಲ್ವಾ ನಿಮಗೆ?"

ಓರೆಥಾ ಕಡತ ಮುಚ್ಚಿದಳು. ಕೈ ಅದರ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡಿದಳು. ರಾಜಧಾನಿ ಹತ್ತಿರವಾದಂತೆ ರಸ್ತೆ ಅಗಲವಾಗುತ್ತಾ ಹೋಯಿತು. ಟ್ರಕ್ಕಿನ ಚಕ್ರದ ಸದ್ದೇ ನಿಂತುಹೋಯಿತು. ಅಷ್ಟು ನುಣುಪು.

ಸಭಾಂಗಣದಲ್ಲಿ ಕಾಲು ಹೂತುಹೋಗುವ ನೆಲಹಾಸು. ಎತ್ತರದ ಮೇಜಿನ ಹಿಂದೆ ಒಂಬತ್ತು ಶಾಸಕರು. ಈ ಕಡೆ ಬೇರೆ ಬೇರೆ ಕೌಂಟಿಗಳ ಇಂಜಿನಿಯರುಗಳು, ಮಂಡಳಿಯವರು. ಒಬ್ಬೊಬ್ಬರೇ ಎದ್ದು ಸೇತುವೆ ಮುರಿದ ಕಥೆ ಹೇಳಿದರು, ಸೊಂಟ ಮುರಿದ ಬಜೆಟ್ಟಿನ ಕಥೆ ಹೇಳಿದರು. ಶಾಸಕರು ಫೋನು ನೋಡುತ್ತಿದ್ದರು.

"ಇದನ್ನ ಹಾಕ್ಕೊಳ್ಳಿ," ಎಂದು ಸ್ಟ್ರಿಕ್ಲಿನ್ ಒಂದು ಕಿತ್ತಳೆ ಬಣ್ಣದ ಅಂಗಿ ಕೊಟ್ಟ. ರಸ್ತೆಯಲ್ಲಿ ಕೆಲಸ ಮಾಡುವಾಗ ಹಾಕುವ ತೋಳಿಲ್ಲದ ಅಂಗಿ. ಹೊಸದು. ಮಡಿಕೆ ಮುರಿದಿರಲಿಲ್ಲ.

"ಇಲ್ಲಿ ಗಾಡಿ ಓಡಾಡಲ್ವಲ್ಲ."

"ಹಾಕ್ಕೊಳ್ಳಿ. ನೋಡೋಕೆ ಸರಿ ಇರುತ್ತೆ."

ಭಾನುವಾರ ಚರ್ಚಿಗೆ ಉಡುವ ನೀಲಿ ಉಡುಪಿನ ಮೇಲೆ ಅವಳು ಅದನ್ನು ಹಾಕಿಕೊಂಡಳು. ಸುತ್ತ ಕೋಟುಗಳು. ಅವಳೊಬ್ಬಳು ಕಿತ್ತಳೆ.

ಅವಳ ಹೆಸರು ಕರೆದರು. ಅವಳು ಮೈಕಿನ ಹತ್ತಿರ ಹೋಗುವಷ್ಟರಲ್ಲಿ ಕೌಂಟಿಯ ಒಬ್ಬ ನೌಕರ ಮೂರು ಕಾಲಿನ ಹಲಗೆಯ ಮೇಲೆ ಒಂದು ದೊಡ್ಡ ಚಿತ್ರ ತಂದಿಟ್ಟ. ಆಳೆತ್ತರದ ಫೋಟೋ.

ಅದರಲ್ಲಿ ಅವಳೇ ಇದ್ದಳು. ಏಪ್ರಿಲ್ ತಿಂಗಳ ಮಳೆ. ಗಾಲಿಕುರ್ಚಿಯ ಚಕ್ರ ಅಚ್ಚಿನವರೆಗೆ ಕೆಸರಲ್ಲಿ. ಅವಳ ಬೆನ್ನ ಮೇಲೆ ಐಡೆಲ್ಲಾ.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಕುರ್ಚಿಯನ್ನು ತಳ್ಳಿ ತಳ್ಳಿ ಅರ್ಧ ಮೈಲಿಯಾಗಿತ್ತು. ಚಕ್ರ ಹೂತಿತು. ದೂರದಲ್ಲಿ ವ್ಯಾನಿನ ಹಾರನ್ ಕೇಳಿಸಿತು. ಕುರ್ಚಿ ಅಲ್ಲೇ ಬಿಟ್ಟು ಅಕ್ಕನನ್ನು ಬೆನ್ನಿಗೆ ಹಾಕಿಕೊಂಡಳು. ನೂರಾ ಎಂಬತ್ತು ಪೌಂಡಿನ ದೇಹ, ನೀರು ತುಂಬಿದ ದೇಹ. ಜಲ್ಲಿಯ ಮೇಲೆ ಕಾಲು ಜಾರಿ ಎರಡು ಸಲ ಮಂಡಿ ಊರಿದಳು. ಮಂಡಿಯ ಚರ್ಮ ಕಿತ್ತುಹೋಯಿತು. "ನನ್ನ ಇಲ್ಲೇ ಇಳ್ಸು ಓರಿ," ಎಂದು ಅಕ್ಕ ಕಿವಿಯ ಹತ್ತಿರ ಅಳುತ್ತಿದ್ದಳು. ಮುಂದೆ ಕೌಂಟಿಯ ಟ್ರಕ್ಕೊಂದು ಇಂಜಿನ್ ಓಡುತ್ತಾ ನಿಂತಿತ್ತು. ಮೋರಿ ನೋಡಲು ಬಂದಿರಬೇಕು ಎಂದುಕೊಂಡಿದ್ದಳು. ಕೈ ಬೀಸಿದ್ದಳು. ಅದು ಹಿಂದಕ್ಕೆ ಸರಿದು ಹೋಗಿಬಿಟ್ಟಿತು.

ಫೋಟೋದ ಅಂಚಿನಲ್ಲಿ ಕಪ್ಪಗೆ ಏನೋ ಅಡ್ಡ ಬಂದಿತ್ತು. ಓರೆಥಾ ಹತ್ತಿರ ಹೋಗಿ ನೋಡಿದಳು. ಗಾಜು ಒರೆಸುವ ವೈಪರು.

ಟ್ರಕ್ಕಿನೊಳಗೆ ಬೆಚ್ಚಗೆ ಕೂತು ತೆಗೆದದ್ದು.

ಅಕ್ಕನ ಲಂಗ ತೊಡೆಯವರೆಗೆ ಸರಿದಿತ್ತು. ಮೊಂಡುಗಾಲು, ಅದರ ತುದಿಯ ಬ್ಯಾಂಡೇಜು, ಒಳಉಡುಪಿನ ಅಂಚು, ಎಲ್ಲವೂ ಆಳೆತ್ತರಕ್ಕೆ ಕಾಣುತ್ತಿತ್ತು. ಈಗ ಶಾಸಕರು ಫೋನು ಬಿಟ್ಟು ನೋಡುತ್ತಿದ್ದರು. ಐಡೆಲ್ಲಾ ಆಸ್ಪತ್ರೆಯ ನರ್ಸಿನ ಮುಂದೆಯೂ ಆ ಕಾಲಿಗೆ ಟವಲ್ಲು ಮುಚ್ಚಿಕೊಳ್ಳುವವಳು.

"ಓದಿ," ಎಂದು ಸ್ಟ್ರಿಕ್ಲಿನ್ ಹಿಂದಿನಿಂದ ಪಿಸುಗುಟ್ಟಿದ.

ಓರೆಥಾ ಕಾಗದವನ್ನು ಮಡಿಚಿದಳು.

"ಓದಲ್ಲ," ಎಂದಳು. ಮೈಕಿನಲ್ಲಿ ಅದು ಇಡೀ ಸಭಾಂಗಣಕ್ಕೆ ಕೇಳಿಸಿತು. "ಇದು ನಾನು ಬರ್ದಿದ್ದಲ್ಲ. ಇದರಲ್ಲಿ ನಾನು ಸಾಧಾರಣ ಹೆಂಗಸು ಅಂತೈತೆ. ನಾನು ರಸ್ತೆ ಮಾಡೋಳು. ಈ ಕೌಂಟಿಯಲ್ಲಿ ಎಷ್ಟು ಗುಂಡಿ ಐತೆ ಅಂತ ಇವರಿಗಿಂತ ನಂಗೆ ಗೊತ್ತು."

ಯಾರೋ ನಕ್ಕರು. ಸ್ಟ್ರಿಕ್ಲಿನ್ ನಗಲಿಲ್ಲ.

"ಈ ಕಡತದ ಒಂಬತ್ತನೇ ಪುಟ ತೆಗೀರಿ. ದಿನಕ್ಕೆ ಹನ್ನೊಂದು ಗಾಡಿ ಅಂತೈತೆ. ಸುಳ್ಳು. ಆ ಕೊಳವೆಗೆ ಮೊಳೆ ಹೊಡೆದೋಳು ನಾನು. ಪೊಲೀಸರದ್ದು ಅಂತ ಹೆದರಿ ನಮ್ಮ ಜನ ಒಂದು ವಾರ ಹುಲ್ಲುಗಾವಲಲ್ಲಿ ಓಡಾಡಿದ್ರು. ಹೆದರಿದ್ದು ನಮ್ಮ ತಪ್ಪು. ಹೆದರೋ ಹಂಗೆ ಮಾಡಿದ್ದು ಯಾರು? ಇವರಿಗೆ ಹೇಳ್ದೆ. ಇನ್ನೊಂದ್ಸಲ ಎಣಿಸಿ ಅಂದೆ. ಎಣಿಸ್ಲಿಲ್ಲ. ಈಗ ಕೊನೇ ಪುಟ ತೆಗೀರಿ. ಏಳು ರಸ್ತೆ. ನಮ್ಮದಿಲ್ಲ. ನಮ್ಮ ಕಣ್ಣೀರು ನಾಲ್ಕನೇ ಪುಟಕ್ಕೆ ಬೇಕು. ಕೊನೇ ಪುಟಕ್ಕೆ ನಾವು ಬೇಡ."

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡಳು. ಮುಂದಿದ್ದ, ಸಮಯ ತೋರಿಸುವ ದೀಪ ಹಳದಿಯಾಯಿತು.

"ಅಮ್ಮಾ, ನಿಮ್ಮ ಸಮಯ ಮುಗೀತಾ ಬಂತು. ದಾಖಲೆಗೆ ಒಂದು ಮಾತು ಬೇಕು. ಕೌಂಟಿಯ ಬೇಡಿಕೆಗೆ ನಿಮ್ಮ ಬೆಂಬಲ ಇದೆಯೋ ಇಲ್ಲವೋ?"

"ಕೌಂಟಿಗೆ ದುಡ್ಡಿಲ್ಲ ಅನ್ನೋದು ನಿಜ. ನೀವು ಕೊಡಲ್ಲ ಅನ್ನೋದೂ ನಿಜ. ಕೊಡೋದಾದ್ರೆ ಕೊಡಿ. ನಮ್ಮಕ್ಕನ ಕಾಲು ನೋಡಿ ಕೊಡ್ಬೇಡಿ."

ದೀಪ ಕೆಂಪಾಯಿತು. ಓರೆಥಾ ಕಿತ್ತಳೆ ಅಂಗಿಯನ್ನು ಕಳಚಿದಳು. ಹಲಗೆಯ ಹತ್ತಿರ ನಡೆದು, ಚಿತ್ರದಲ್ಲಿ ಅಕ್ಕನ ತೊಡೆ ಕಾಣುವಲ್ಲಿ ಆ ಅಂಗಿಯನ್ನು ಹೊದಿಸಿದಳು. ಆಮೇಲೆ ಇಡೀ ಚಿತ್ರವನ್ನೇ ಎರಡೂ ಕೈಯಿಂದ ಎತ್ತಿ ಕಂಕುಳಿಗೆ ಇರುಕಿಕೊಂಡಳು. ಅದು ಅವಳ ಎತ್ತರವೇ ಇತ್ತು. ತುದಿ ನೆಲಕ್ಕೆ ಉಜ್ಜುತ್ತಿತ್ತು. ಬಾಗಿಲ ಕಡೆ ಹೊರಟಳು.

ಸ್ಟ್ರಿಕ್ಲಿನ್ ಅಡ್ಡ ಬಂದ. ಮುಖ ಕೆಂಪಗಾಗಿತ್ತು. ಮಾತಿನ ಮರ್ಯಾದೆ ಬಿದ್ದುಹೋಗಿತ್ತು.

"ಅದನ್ನ ವಾಪಸ್ ಇಡು. ಅದು ಕೌಂಟಿ ಆಸ್ತಿ."

"ಆ ದಿನ ನಾನು ಕೈ ಬೀಸಿದ್ದು ಕಾಣ್ತಾ ನಿಂಗೆ?"

ಅವನು ಬಾಗಿಲಲ್ಲಿದ್ದ ಕಾವಲುಗಾರನಿಗೆ ಸನ್ನೆ ಮಾಡಿದ. ಕಾವಲುಗಾರ ಬಂದ. ಅವಳ ವಯಸ್ಸಿನವನೇ, ಅವಳ ಬಣ್ಣದವನೇ. ಯಾರಿಗೂ ಕೇಳದಂತೆ ಮೆಲ್ಲಗೆ ಹೇಳಿದ:

"ಅಕ್ಕಾ, ಯಾಕೆ ಸುಮ್ನೆ ರಂಪ. ಇಟ್ಟು ಹೋಗಿಬಿಡಿ. ನನ್ನ ಕೆಲಸನೂ ಹೋಗುತ್ತೆ."

ಓರೆಥಾ ಅವನ ಮುಖ ನೋಡಿದಳು. ತನ್ನ ಮುಖವನ್ನೇ ನೋಡಿದ ಹಾಗಿತ್ತು. ಚಿತ್ರವನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ನೀನು ನಿನ್ ಕೆಲಸ ಮಾಡಪ್ಪ," ಎಂದಳು. "ನಾನು ಇಡಲ್ಲ."